ರಾತ್ರಿಯ ಬೆವರು: ಎಲ್ಲದಕ್ಕೂ ಸೆಕೆಯೇ ಕಾರಣವಲ್ಲ

ಶಿವರಾತ್ರಿ ಕಳೆದು ಮಳೆಗಾಲ ಹಿಡಿಯುವವರೆಗೆ ನಮ್ಮ ರಾಮಕುಂಜ, ಕೊಯಿಲ, ಆತೂರು, ಆಲಂಕಾರು ಕಡೆಯಲ್ಲಿ ಇಬ್ಬರು ಭೇಟಿಯಾದರೆ ಮೊದಲು ಬರುವ ಮಾತು ಸೆಕೆಯದ್ದು. "ರಾತ್ರಿ ನಿದ್ರೆಯೇ ಇಲ್ಲ ಮಾರಾಯ್ರೇ, ಬೆವರಿ ಬೆವರಿ ಸಾಕಾಯಿತು" ಎಂದು ಹೇಳದವರಿಲ್ಲ. ಆ ಮಾತು ಸುಳ್ಳೂ ಅಲ್ಲ. ಆದರೆ ಇದನ್ನೇ ಆಟಿ ತಿಂಗಳ ಜಡಿಮಳೆಯಲ್ಲಿ ಅಥವಾ ಕಂಬಳಿ ಹೊದ್ದು ಮಲಗುವ ಡಿಸೆಂಬರ್‌ನಲ್ಲಿ ಯಾರಾದರೂ ಹೇಳಿದರೂ ಮನೆಯವರು "ನಿಮ್ಮದು ಉಷ್ಣ ಶರೀರ, ಎಳನೀರು ಕುಡಿಯಿರಿ" ಎಂದು ಸಮಾಧಾನ ಹೇಳಿ ಸುಮ್ಮನಾಗುತ್ತಾರೆ. ತೊಂದರೆ ಆರಂಭವಾಗುವುದು ಇಲ್ಲಿಯೇ.

ಕರಾವಳಿಯವರಾದ ನಮಗೆ ಬೆವರು ಎಷ್ಟು ಅಭ್ಯಾಸವಾಗಿದೆಯೆಂದರೆ, ಅದೊಂದು ರೋಗಲಕ್ಷಣವೂ ಆಗಿರಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ. ಘಟ್ಟದ ಮೇಲಿನವರು ರಾತ್ರಿ ಅಂಗಿ ಒದ್ದೆಯಾದರೆ ಒಂದು ವಾರದಲ್ಲಿ ವೈದ್ಯರ ಬಳಿ ಹೋದಾರು. ನಮ್ಮವರು ಎರಡು ತಿಂಗಳು ಕಾಯುತ್ತಾರೆ. ಸೆಕೆಯ ಬೆವರು ಯಾವುದು, ಕಾಯಿಲೆಯ ಬೆವರು ಯಾವುದು ಎಂದು ಬಹುಮಟ್ಟಿಗೆ ಮನೆಯಲ್ಲೇ ಗುರುತಿಸಬಹುದು. ಅದಕ್ಕೆ ದೊಡ್ಡ ಯಂತ್ರಗಳು ಬೇಡ. ಒಂದು ಥರ್ಮಾಮೀಟರ್, ಒಂದು ತೂಕದ ಯಂತ್ರ ಮತ್ತು ಸ್ವಲ್ಪ ಗಮನ ಸಾಕು.

ಬೆವರು ಏಕೆ ಬರುತ್ತದೆ?

ಮಿದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಎಂಬ ಸಣ್ಣ ಭಾಗವು ಶರೀರದ ಶಾಖವನ್ನು ಕಾಯುವ ಕಾವಲುಗಾರ. ಶಾಖ ಏರಿದೊಡನೆ ಅದು ಚರ್ಮದಲ್ಲಿರುವ ಬೆವರಿನ ಗ್ರಂಥಿಗಳಿಗೆ ಆಜ್ಞೆ ಕಳುಹಿಸುತ್ತದೆ. ನಮ್ಮ ಚರ್ಮದಲ್ಲಿ ಇಂತಹ ಗ್ರಂಥಿಗಳು ಸುಮಾರು 20ರಿಂದ 40 ಲಕ್ಷ ಇವೆ. ಬೆವರು ಆವಿಯಾಗುವಾಗ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಆದರೆ ಗಾಳಿಯಲ್ಲಿ ತೇವ ತುಂಬಿರುವ ನಮ್ಮ ಊರಿನಲ್ಲಿ ಬೆವರು ಆವಿಯಾಗದೆ ಮೈಮೇಲೆಯೇ ನಿಲ್ಲುತ್ತದೆ. ಶರೀರ ತಂಪಾಗದ ಕಾರಣ ಇನ್ನಷ್ಟು ಬೆವರು ಬರುತ್ತದೆ.

ಆರೋಗ್ಯವಂತರ ಶರೀರದ ಶಾಖವು ಸಂಜೆ ಸ್ವಲ್ಪ ಹೆಚ್ಚಿದ್ದು, ಮಲಗಿದ ಮೇಲೆ ನಿಧಾನವಾಗಿ ಇಳಿದು, ಬೆಳಗಿನ ಜಾವಕ್ಕೆ ಅತಿ ಕಡಿಮೆಯಾಗುತ್ತದೆ. ಹಾಗಾಗಿ ಮಲಗಿದ ಆರಂಭದಲ್ಲಿ ಕೊಂಚ ಬೆವರುವುದು ಸಹಜ. ಜ್ವರವಿದ್ದವರಲ್ಲಿ ಈ ಏರಿಳಿತ ದೊಡ್ಡದಾಗುತ್ತದೆ. ಸಂಜೆ ಏರಿದ ಜ್ವರ ನಡುರಾತ್ರಿ ಇಳಿಯುವಾಗ ಶರೀರವು ಒಮ್ಮೆಲೇ ಶಾಖವನ್ನು ಹೊರಹಾಕಬೇಕಾಗುತ್ತದೆ. ಆಗ ಅಂಗಿ, ದಿಂಬು ಎಲ್ಲ ಒದ್ದೆಯಾಗುತ್ತವೆ. ಮಲಗುವಾಗ ಇದ್ದ ಜ್ವರ ಬೆಳಗ್ಗೆ ಏಳುವಾಗ ಇರುವುದಿಲ್ಲ. ಆದುದರಿಂದಲೇ ಅನೇಕರಿಗೆ ತಮಗೆ ಜ್ವರವಿತ್ತೆಂಬುದೇ ಗೊತ್ತಾಗುವುದಿಲ್ಲ.

ಮೊದಲು ಮನೆಯನ್ನು ನೋಡಿ

ಎಲ್ಲ ಬೆವರನ್ನೂ ರೋಗವೆಂದು ಭಾವಿಸುವುದೂ ತಪ್ಪು. ಹಿಂದೆ ಮುಳಿಹುಲ್ಲಿನ ಅಥವಾ ಹಂಚಿನ ಮಾಡಿನಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು. ಈಗ ಹೆಚ್ಚಿನ ಮನೆಗಳು ಕಾಂಕ್ರೀಟಿನವು. ಹಗಲಿಡೀ ಕಾದ ತಾರಸಿಯು ರಾತ್ರಿಯಿಡೀ ಆ ಶಾಖವನ್ನು ಕೋಣೆಯೊಳಗೆ ಬಿಡುತ್ತಿರುತ್ತದೆ. ಕೆಳಗೆ ಗಾಳಿಯಾಡದ ಫೋಮ್ ಹಾಸಿಗೆ, ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ, ಮೈಮೇಲೆ ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪು. ಇವೆಲ್ಲ ಸೇರಿದರೆ ಯಾರೇ ಆದರೂ ಬೆವರುತ್ತಾರೆ. ರಾತ್ರಿ ತಡವಾಗಿ ಖಾರದ ಊಟ ಮಾಡುವುದು ಮತ್ತು ಮದ್ಯಪಾನವೂ ಬೆವರನ್ನು ಹೆಚ್ಚಿಸುತ್ತವೆ.

ಕಿಟಕಿಗೆ ಸೊಳ್ಳೆ ಬಲೆ ಹಾಕಿ ಅದನ್ನು ತೆರೆದಿಡುವುದು, ಹತ್ತಿಯ ಬಟ್ಟೆ ತೊಡುವುದು, ಫೋಮ್ ಹಾಸಿಗೆಯ ಮೇಲೆ ಹುಲ್ಲಿನ ಚಾಪೆ ಅಥವಾ ದಪ್ಪ ಹತ್ತಿ ಬಟ್ಟೆ ಹಾಸುವುದು, ಊಟವನ್ನು ಮಲಗುವುದಕ್ಕೆ ಎರಡು ಗಂಟೆ ಮುಂಚೆ ಮುಗಿಸುವುದು, ಇಷ್ಟನ್ನು ಒಂದು ವಾರ ಮಾಡಿ ನೋಡಿ. ಬೆವರು ಕಡಿಮೆಯಾದರೆ ಚಿಂತೆಯಿಲ್ಲ.

ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

ಕಡಿಮೆಯಾಗದಿದ್ದರೆ ಈ ನಾಲ್ಕು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ.

1. ಅದೇ ಕೋಣೆಯಲ್ಲಿ ಮಲಗಿದ ಬೇರೆಯವರೂ ಇಷ್ಟೇ ಬೆವರುತ್ತಾರೆಯೇ? ಸೆಕೆಯು ಒಬ್ಬರನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಉಳಿದವರು ಹೊದೆದುಕೊಂಡು ಮಲಗಿರುವಾಗ ನೀವೊಬ್ಬರೇ ಬೆವರುತ್ತಿದ್ದರೆ ಅದಕ್ಕೆ ಕಾರಣ ಬೇರೆ ಇದೆ.

2. ಎದ್ದು ಅಂಗಿ ಬದಲಾಯಿಸಬೇಕಾಗುತ್ತದೆಯೇ? ಕುತ್ತಿಗೆ, ಬೆನ್ನು ತೇವವಾಗುವುದು ಬೇರೆ. ಬಟ್ಟೆ ಹಿಂಡುವಷ್ಟು ಒದ್ದೆಯಾಗುವುದು ಬೇರೆ.

3. ಎಷ್ಟು ದಿನಗಳಿಂದ ಹೀಗಾಗುತ್ತಿದೆ? ಎರಡು ವಾರ ದಾಟಿದರೆ ನಿರ್ಲಕ್ಷಿಸಬಾರದು.

4. ಬೆವರಿನ ಜೊತೆಗೆ ಇನ್ನೇನಿದೆ? ಸಂಜೆಯ ಜ್ವರ, ಕೆಮ್ಮು, ತೂಕ ಇಳಿಯುವುದು, ಗಂಟುಗಳು, ಎದೆಬಡಿತ, ಗೊರಕೆ, ಮುಟ್ಟಿನ ಏರುಪೇರು, ಹೊಸದಾಗಿ ಆರಂಭಿಸಿದ ಮಾತ್ರೆ ಇತ್ಯಾದಿ.

ಈ ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಬೆವರು ಒಂದೇ ಯಾವ ರೋಗವನ್ನೂ ಹೇಳುವುದಿಲ್ಲ. ಅದರ ಜೊತೆಗಿರುವ ಲಕ್ಷಣವೇ ದಾರಿ ತೋರಿಸುತ್ತದೆ.

ಸಂಜೆಯ ಜ್ವರ, ಇಳಿಯುವ ತೂಕ

ರಾತ್ರಿ ಬೆವರು ಎಂದೊಡನೆ ನಮ್ಮ ದೇಶದಲ್ಲಿ ವೈದ್ಯರು ಮೊದಲು ಯೋಚಿಸಬೇಕಾದದ್ದು ಕ್ಷಯರೋಗದ ಬಗ್ಗೆ. ಕ್ಷಯವನ್ನು ಶೋಧಿಸುವಾಗ ಕೇಳುವ ಮುಖ್ಯ ಪ್ರಶ್ನೆಗಳು ನಾಲ್ಕು: ಕೆಮ್ಮು ಇದೆಯೇ, ಜ್ವರ ಇದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರಾ. ಕೆಮ್ಮಿಲ್ಲವೆಂದು ಧೈರ್ಯ ತಾಳಬೇಡಿ. ಕುತ್ತಿಗೆಯ ಗಂಟು, ಬೆನ್ನುಮೂಳೆ, ಹೊಟ್ಟೆ ಇತ್ಯಾದಿ ಕಡೆ ಕ್ಷಯ ಬಂದಾಗ ಕೆಮ್ಮು ಇಲ್ಲದೆಯೂ ಇರಬಹುದು. ಮಧುಮೇಹ ಇರುವವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂಬುದೂ ನೆನಪಿರಲಿ.

"ನಮ್ಮ ಮನೆತನದಲ್ಲಿ ಆ ರೋಗ ಇಲ್ಲ" ಎಂಬ ಮಾತನ್ನು ನಾನು ಇಂದಿಗೂ ಕೇಳುತ್ತೇನೆ. ಕ್ಷಯಕ್ಕೆ ಮನೆತನವಿಲ್ಲ. ಅದು ಗಾಳಿಯಿಂದ ಹರಡುವ ರೋಗಾಣುವಿನ ಕಾಯಿಲೆ. ತೋಟವಿರುವವರಿಗೂ, ತೋಟದಲ್ಲಿ ಕೂಲಿ ಮಾಡುವವರಿಗೂ ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟಷ್ಟು ದಿನವೂ ಅಜ್ಜನ ಪಕ್ಕದಲ್ಲಿ ಮಲಗುವ ಮೊಮ್ಮಗುವಿಗೆ ಅಪಾಯ ಹೆಚ್ಚುತ್ತದೆ. ಚಿಕಿತ್ಸೆ ಆರಂಭಿಸಿ ಕೆಲವು ವಾರಗಳಾದರೆ ಸಾಮಾನ್ಯವಾಗಿ ರೋಗ ಹರಡುವ ಅಪಾಯ ಬಹಳ ಕಡಿಮೆಯಾಗುತ್ತದೆ. ಆದುದರಿಂದ ಬಟ್ಟಲು, ಲೋಟ ಪ್ರತ್ಯೇಕಿಸುವುದಕ್ಕಿಂತ ಬೇಗನೆ ಮದ್ದು ಆರಂಭಿಸುವುದೇ ಮನೆಯವರಿಗೆ ನಿಜವಾದ ರಕ್ಷಣೆ.

ಸರಕಾರಿ ಆರೋಗ್ಯ ಕೇಂದ್ರಗಳ ಮೂಲಕ ಕಫ ಪರೀಕ್ಷೆಯೂ ಆರು ತಿಂಗಳ ಚಿಕಿತ್ಸೆಯೂ ಉಚಿತ. ಹಿಂದೆ ಸೂಕ್ಷ್ಮದರ್ಶಕವೊಂದೇ ಆಧಾರವಾಗಿತ್ತು. ಈಗ ಟ್ರೂನ್ಯಾಟ್, ಜೀನ್‌ಎಕ್ಸ್‌ಪರ್ಟ್ ಎಂಬ ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ರೋಗಾಣು ಇದೆಯೇ, ಅದು ಮುಖ್ಯ ಮದ್ದಿಗೆ ಬಗ್ಗುತ್ತದೆಯೇ ಎಂಬುದನ್ನು ತಿಳಿಸುತ್ತವೆ. ರೋಗಿಯ ಪೋಷಣೆಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಇಷ್ಟೆಲ್ಲ ಇರುವಾಗ ಹಿಂಜರಿಯುವುದೇಕೆ?

ಇಲ್ಲಿ ನಮ್ಮ ವೃತ್ತಿಯವರಿಗೂ ಔಷಧಿ ಅಂಗಡಿಯವರಿಗೂ ಒಂದು ಮಾತು ಹೇಳಲೇಬೇಕು. ಎರಡು ವಾರ ಜ್ವರ, ಬೆವರು ಇರುವವರಿಗೆ ಪರೀಕ್ಷೆಯಿಲ್ಲದೆ ಲಿವೋಫ್ಲಾಕ್ಸಾಸಿನ್‌ನಂತಹ ಮಾತ್ರೆ ಕೊಟ್ಟರೆ ಕ್ಷಯವು ಸ್ವಲ್ಪ ಕಾಲ ತಗ್ಗಿದಂತೆ ಕಾಣುತ್ತದೆ, ಕಫದಲ್ಲಿ ಪತ್ತೆಯಾಗುವುದು ತಡವಾಗುತ್ತದೆ. ಸ್ಟಿರಾಯ್ಡ್ ಚುಚ್ಚಿದರೆ ಜ್ವರ ಅಡಗಿ, ಹಸಿವು ಹೆಚ್ಚಿ, ರೋಗಿಗೆ ಖುಷಿಯಾಗುತ್ತದೆ; ಒಳಗೆ ರೋಗ ಬೆಳೆಯುತ್ತದೆ. ಒಂದು ಬಾಟಲಿ ಗ್ಲೂಕೋಸ್ ಏರಿಸಿಕೊಂಡು ಹೋದರೆ ಬೆವರಿನ ಕಾರಣ ತಿಳಿಯುವುದಿಲ್ಲ. "ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಒತ್ತಾಯಿಸುವ ಬದಲು "ನನ್ನ ಕಫ ಪರೀಕ್ಷೆ ಮಾಡಬೇಕೇ?" ಎಂದು ಕೇಳಿ.

ಮಧುಮೇಹಿಗಳ ತಣ್ಣನೆಯ ಬೆವರು

ಕ್ಷಯದ ಬೆವರು ತಿಂಗಳುಗಟ್ಟಲೆ ಕಾಡುತ್ತದೆ. ಮಧುಮೇಹಿಯ ಬೆವರು ಒಂದೇ ರಾತ್ರಿಯಲ್ಲಿ ಜೀವಕ್ಕೆ ಎರವಾಗಬಹುದು. ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರಲ್ಲಿ ರಾತ್ರಿ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಮೈ ತಣ್ಣಗಾಗಿ ಬೆವರುತ್ತದೆ, ಕೈ ನಡುಗುತ್ತದೆ, ಕೆಟ್ಟ ಕನಸು ಬೀಳುತ್ತದೆ, ನಿದ್ದೆಯಲ್ಲಿ ಅಸಂಬದ್ಧ ಮಾತು ಬರುತ್ತದೆ. ಬೆಳಗ್ಗೆ ಏಳುವಾಗ ತಲೆನೋವು, ಮಂಕು. ಮೂತ್ರಪಿಂಡದ ತೊಂದರೆ ಇರುವ ವೃದ್ಧರಲ್ಲಿ ಮಾತ್ರೆಯ ಪರಿಣಾಮ ಹೆಚ್ಚು ಹೊತ್ತು ಉಳಿಯುವುದರಿಂದ ಅಪಾಯ ಜಾಸ್ತಿ.

ಏಕಾದಶಿ, ಷಷ್ಠಿ ಎಂದು ರಾತ್ರಿ ಊಟ ಬಿಟ್ಟು, "ಮಾತ್ರೆ ತಪ್ಪಿಸಬಾರದು ಎಂದಿದ್ದಾರೆ" ಎಂದು ಮಾತ್ರೆ ಮಾತ್ರ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ. ರಂಜಾನ್ ಉಪವಾಸ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ವ್ರತ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಾತ್ರೆಯ ಪ್ರಮಾಣ, ಸಮಯ ಬದಲಾಯಿಸಿಕೊಳ್ಳಲು ಒಂದು ವಾರ ಮೊದಲೇ ನಿಮ್ಮ ವೈದ್ಯರನ್ನು ಕಾಣಿರಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಎದೆಬಡಿತ, ನಡುಕ ಗೊತ್ತಾಗದೆ ಇರಬಹುದು. ಉಳಿಯುವುದು ಬೆವರು ಮಾತ್ರ. ಅಂಥವರ ಪಾಲಿಗೆ ಆ ಬೆವರೇ ಕೊನೆಯ ಎಚ್ಚರಿಕೆಯ ಗಂಟೆ.

ಇಂದು ನಮ್ಮ ಎಷ್ಟೋ ತೋಟದ ಮನೆಗಳಲ್ಲಿ ಇರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶದಲ್ಲಿಯೋ ಇರುತ್ತಾರೆ. ರಸ್ತೆಯಿಂದ ಮನೆಗೆ ಅರ್ಧ ಮೈಲಿ. ಅಂಥವರು ಹಾಸಿಗೆಯ ಪಕ್ಕದಲ್ಲೇ ಸಕ್ಕರೆಯ ಡಬ್ಬ, ನೀರು, ಸಕ್ಕರೆ ನೋಡುವ ಸಣ್ಣ ಯಂತ್ರ ಇಟ್ಟುಕೊಳ್ಳಬೇಕು. ತಣ್ಣನೆಯ ಬೆವರು ಬಂದೊಡನೆ ಪರೀಕ್ಷಿಸಿ. ಯಂತ್ರವಿಲ್ಲದಿದ್ದರೆ ಕಾಯದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕೊಡಿ, ಆಮೇಲೆ ಸ್ವಲ್ಪ ಗಂಜಿಯನ್ನೋ ಬಿಸ್ಕತ್ತನ್ನೋ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ. ಮರುದಿನ ವೈದ್ಯರಿಗೆ ತಿಳಿಸಲು ಮರೆಯಬೇಡಿ, ಮಾತ್ರೆ ಕಡಿಮೆ ಮಾಡಬೇಕಾದೀತು.

ಹೇಳಿಕೊಳ್ಳದ ಬೆವರು

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಬೆವರಿನ ಬಗ್ಗೆ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ಅದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಎಂಬ ಹಾರ್ಮೋನು ಏರುಪೇರಾಗಿ, ಮೊದಲು ಹೇಳಿದ ಆ ಮಿದುಳಿನ ಕಾವಲುಗಾರ ಅತಿ ಸೂಕ್ಷ್ಮವಾಗುತ್ತದೆ. ಸ್ವಲ್ಪ ಶಾಖ ಏರಿದರೂ ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಹಬ್ಬಿ, ಕೆಲವು ನಿಮಿಷ ಬೆವರು ಸುರಿದು, ಆಮೇಲೆ ಚಳಿಯಾಗುತ್ತದೆ. ರಾತ್ರಿ ಮೂರು ನಾಲ್ಕು ಬಾರಿ ಹೀಗಾದರೆ ನಿದ್ದೆ ಎಲ್ಲಿಂದ ಬರಬೇಕು? ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿಗೆ ಹೋಗಿ ಹಾಲು ಕರೆಯುವ ಆಕೆ ಸಿಡುಕಿದರೆ "ಈಕೆಗೆ ಈಚೆಗೆ ಕೋಪ ಜಾಸ್ತಿ" ಎನ್ನುತ್ತೇವೆ.

ಇದು ರೋಗವಲ್ಲ, ಆದರೆ ಸಹಿಸಿಕೊಂಡೇ ಇರಬೇಕೆಂದೂ ಇಲ್ಲ. ತೀವ್ರವಾಗಿದ್ದರೆ ಹಾರ್ಮೋನಿನ ಮತ್ತು ಹಾರ್ಮೋನೇತರ ಔಷಧಗಳೆರಡೂ ಇವೆ. ಯಾರಿಗೆ ಯಾವುದು ಸರಿ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಹಾಗೆಯೇ ನಲವತ್ತೈದು ದಾಟಿದ ಹೆಂಗಸರ ಎಲ್ಲ ಬೆವರನ್ನೂ "ವಯಸ್ಸಿನದ್ದು" ಎಂದು ತಳ್ಳಿಹಾಕಬಾರದು. ಜ್ವರ, ತೂಕ ಇಳಿತ ಇದ್ದರೆ ಅವರಿಗೂ ಎಲ್ಲ ಪರೀಕ್ಷೆಗಳಾಗಬೇಕು.

ಹಟ್ಟಿಯಿಂದ ಬರುವ ಜ್ವರ

ಹೈನುಗಾರಿಕೆ ಇರುವ ನಮ್ಮ ಕಡೆ ಮರೆಯಬಾರದ ಇನ್ನೊಂದು ಕಾಯಿಲೆ ಬ್ರುಸೆಲ್ಲೋಸಿಸ್. ಡೇವಿಡ್ ಬ್ರೂಸ್ ಎಂಬ ವೈದ್ಯರು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಇದರ ರೋಗಾಣುವನ್ನು ಗುರುತಿಸಿದರು. ಬಿಟ್ಟು ಬಿಟ್ಟು ಬರುವ ಜ್ವರ, ವಿಪರೀತ ಬೆವರು, ಸೊಂಟ ಮತ್ತು ಕೀಲುಗಳ ನೋವು, ಆಯಾಸ ಇದರ ಲಕ್ಷಣಗಳು. ಸೋಂಕಿರುವ ದನ ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಮುಟ್ಟುವುದರಿಂದ, ಕಾಯಿಸದ ಹಾಲು ಕುಡಿಯುವುದರಿಂದ ಇದು ಮನುಷ್ಯರಿಗೆ ಬರುತ್ತದೆ. ನಿಮ್ಮ ಹಟ್ಟಿಯಲ್ಲಿ ಹೀಗೇನಾದರೂ ಆಗಿದ್ದರೆ ವೈದ್ಯರಿಗೆ ನೀವಾಗಿಯೇ ಹೇಳಿ. ಸರಿಯಾದ ಮದ್ದನ್ನು ಸಾಮಾನ್ಯವಾಗಿ ಆರು ವಾರ ತೆಗೆದುಕೊಂಡರೆ ಗುಣವಾಗುತ್ತದೆ. ಕೈಗವಸು ಹಾಕುವುದು, ಹಾಲು ಕುದಿಸುವುದು, ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸುವುದು ಇವೇ ತಡೆಯುವ ಉಪಾಯಗಳು.

ಮಲೇರಿಯಾದ ಬೆವರಿನ ಪರಿಚಯ ನಮ್ಮ ಜಿಲ್ಲೆಗೆ ಚೆನ್ನಾಗಿಯೇ ಇದೆ. 1990ರ ದಶಕದಲ್ಲಿ ಕಟ್ಟಡಗಳು ಏಳತೊಡಗಿದಾಗ ಮಂಗಳೂರಿನಲ್ಲಿ ಅದು ಹೇಗೆ ಹಬ್ಬಿತೆಂಬುದು ಹಲವರಿಗೆ ನೆನಪಿದ್ದೀತು. ಮೊದಲು ನಡುಗಿಸುವ ಚಳಿ, ನಂತರ ಜ್ವರ, ಕೊನೆಗೆ ಬೆವರು. ಈ ಕ್ರಮ ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು.

ಇತರ ಕಾರಣಗಳು

ಹಸಿವು ಚೆನ್ನಾಗಿದ್ದರೂ ತೂಕ ಇಳಿಯುತ್ತ, ಕೈ ನಡುಗುತ್ತ, ಎದೆ ಬಡಿದುಕೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಅಗತ್ಯ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಬೆವರಿ ಏಳುವವರಿಗೆ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇರಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬೆವರು ತರಿಸುತ್ತವೆ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ದಿನವೂ ಕುಡಿಯುವವರು ಒಮ್ಮೆಲೇ ಮದ್ಯ ಬಿಟ್ಟಾಗ ಬೆವರು, ನಡುಕ ಬಂದರೆ ಅದು ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಬೆಳೆಯುತ್ತಿದ್ದು, ಜ್ವರ, ಬೆವರು ಇದ್ದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಇರಬಹುದೇ ಎಂದು ನೋಡಬೇಕಾಗುತ್ತದೆ. ಹೆಸರು ಕೇಳಿ ಹೆದರಬೇಡಿ. ಇದರಲ್ಲಿ ಹಾಡ್ಜ್‌ಕಿನ್ ಎಂಬ ಬಗೆ ಬೇಗ ಪತ್ತೆಯಾದರೆ ಬಹುಪಾಲು ಜನರಲ್ಲಿ ಗುಣವಾಗುತ್ತದೆ. ನೋವಿಲ್ಲ ಎಂದು ಗಂಟನ್ನು ಬಿಟ್ಟುಬಿಡುವುದೇ ದೊಡ್ಡ ಅಪಾಯ. ಎಚ್‌ಐವಿ ಸೋಂಕಿನಲ್ಲಿಯೂ ರಾತ್ರಿ ಬೆವರು ಇರುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಉಚಿತ, ವಿವರ ಗುಟ್ಟಾಗಿರುತ್ತದೆ.

ಮಕ್ಕಳ ವಿಚಾರದಲ್ಲಿ ತಾಯಂದಿರು ಬೇಗ ಗಾಬರಿಯಾಗುತ್ತಾರೆ. ಗಾಢ ನಿದ್ದೆಯ ಮೊದಲ ಗಂಟೆಗಳಲ್ಲಿ ಮಗುವಿನ ತಲೆ ಬೆವರುವುದು ಸಾಮಾನ್ಯ. ಮಗು ಆಡಿಕೊಂಡಿದ್ದು, ತೂಕ ಏರುತ್ತಿದ್ದರೆ ಚಿಂತೆ ಬೇಡ. ಆದರೆ ಹಾಲು ಕುಡಿಯುವಾಗ ಎಳೆಗೂಸು ಬೆವರಿ, ಏದುಸಿರು ಬಿಟ್ಟು, ನಡುನಡುವೆ ನಿಲ್ಲಿಸುತ್ತಿದ್ದರೆ ಹೃದಯವನ್ನು ಪರೀಕ್ಷಿಸಬೇಕು.

ಯಾವಾಗ ವೈದ್ಯರನ್ನು ಕಾಣಬೇಕು?

ತಕ್ಷಣ, ಅದೇ ರಾತ್ರಿ: ಬೆವರಿನೊಡನೆ ಎದೆ ಹಿಂಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಉಸಿರು ಕಟ್ಟಿದರೆ, ಪ್ರಜ್ಞೆ ಮಂಕಾದರೆ. ಇದನ್ನು "ಗ್ಯಾಸ್" ಎಂದು ಬೆಳಗಾಗುವವರೆಗೆ ಕಾಯಬೇಡಿ.

ಒಂದೆರಡು ದಿನಗಳೊಳಗೆ: ಚಳಿಜ್ವರ ಇದ್ದರೆ, ಕಫದಲ್ಲಿ ರಕ್ತ ಕಂಡರೆ, ಮಧುಮೇಹಿಗಳಿಗೆ ರಾತ್ರಿ ತಣ್ಣನೆಯ ಬೆವರು ಬಂದಿದ್ದರೆ.

ಒಂದು ವಾರದೊಳಗೆ: ಬಟ್ಟೆ ಬದಲಾಯಿಸುವಷ್ಟು ಬೆವರು ಎರಡು ವಾರ ದಾಟಿದ್ದರೆ, ಕೆಮ್ಮು ಅಥವಾ ಜ್ವರ ಎರಡು ವಾರ ಮೀರಿದ್ದರೆ, ಗಂಟು ಇದ್ದರೆ, ತೂಕ ಇಳಿದಿದ್ದರೆ. 60 ಕಿಲೋ ಇದ್ದವರು ಪ್ರಯತ್ನಿಸದೆ ಆರು ತಿಂಗಳಲ್ಲಿ 3 ಕಿಲೋ ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇಳಿತ. ರವಿಕೆ ಸಡಿಲವಾಗುವುದು, ಬೆಲ್ಟಿಗೆ ಹೊಸ ತೂತು ಬೇಕಾಗುವುದು ಕೂಡ ಸೂಚನೆಗಳೇ.

ವೈದ್ಯರಲ್ಲಿಗೆ ಹೋಗುವಾಗ ಕೈಬೀಸಿಕೊಂಡು ಹೋಗಬೇಡಿ. ಏಳು ದಿನ ಸಂಜೆ ಆರಕ್ಕೆ ಮತ್ತು ಬೆವರಿ ಎದ್ದಾಗ ಥರ್ಮಾಮೀಟರ್ ಇಟ್ಟು ನೋಡಿ ಬರೆದಿಡಿ. 100.4 ಡಿಗ್ರಿ ಮುಟ್ಟಿದರೆ ಅದು ಜ್ವರವೇ. ಎದ್ದ ಸಮಯ, ಬಟ್ಟೆ ಬದಲಾಯಿಸಿದಿರಾ ಎಂಬುದು, ವಾರಕ್ಕೊಮ್ಮೆ ತೂಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ನಾಟಿ ಮದ್ದಿನ ಹೆಸರು ಕೂಡ ಇರಲಿ. ತುರ್ತು ಲಕ್ಷಣಗಳಿದ್ದರೆ ಮಾತ್ರ ಈ ಏಳು ದಿನಕ್ಕೆ ಕಾಯಬಾರದು.

ಈಚೆಗೆ ಸಾವಿರಾರು ರೂಪಾಯಿಯ "ಪೂರ್ಣ ತಪಾಸಣೆ"ಯ ಜಾಹೀರಾತುಗಳನ್ನು ನೋಡಿ ಜನ ನೇರವಾಗಿ ಲ್ಯಾಬಿಗೆ ಹೋಗುತ್ತಾರೆ. ವರದಿಯಲ್ಲಿ ಅರುವತ್ತು ಅಂಕಿಗಳಿರುತ್ತವೆ; ಕಫ ಪರೀಕ್ಷೆ ಇರುವುದಿಲ್ಲ, ಕುತ್ತಿಗೆಯ ಗಂಟನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ಮೊದಲು ಹತ್ತಿರದ ವೈದ್ಯರನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಕಾಣಿರಿ. ಅವರು ಕೇಳಿ, ಮುಟ್ಟಿ, ನೋಡಿದ ಬಳಿಕ ಬೇಕಾದ ಎರಡು ಮೂರು ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ಅಗತ್ಯವಿದ್ದರೆ ಪುತ್ತೂರಿಗೋ ಸುಳ್ಯಕ್ಕೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಕಳುಹಿಸುತ್ತಾರೆ.

ರಾತ್ರಿ ಬೆವರುವ ಹೆಚ್ಚಿನವರಿಗೆ ಗಂಭೀರ ಕಾಯಿಲೆ ಇರುವುದಿಲ್ಲ. ಇರುವ ಕೆಲವರನ್ನು ಬೇಗ ಗುರುತಿಸಿದರೆ, ಇಲ್ಲಿ ಹೇಳಿದ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಮಳೆಗಾಲದ ರಾತ್ರಿಯಲ್ಲೂ ಬೈರಾಸಿನಿಂದ ಮೈ ಒರೆಸಿಕೊಳ್ಳುತ್ತ ಕುಳಿತಿರುವುದನ್ನು ಕಂಡರೆ "ಸೆಕೆ" ಎಂದು ಮಗ್ಗುಲು ಬದಲಿಸಿ ಮಲಗಬೇಡಿ. ಎದ್ದು ಹಣೆ ಮುಟ್ಟಿ ನೋಡಿ, ಥರ್ಮಾಮೀಟರ್ ಇಡಿ, ಮಧುಮೇಹವಿದ್ದರೆ ಸಕ್ಕರೆ ಪರೀಕ್ಷಿಸಿ.